ಅಕ್ಷರ ಅಪ್ಪಂದು, ನಡುವಿನ ಜಾಗ ಯಾರದ್ದು?

"ಅಕ್ಷರ ನಂದೇ ಕಣೋ. ಆದ್ರೆ ಇದು ನಾನು ಬರ್ದಿದ್ದಲ್ಲ."

ಪ್ರಿಂಟ್ ತೆಗೆದುಕೊಟ್ಟ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ಅಪ್ಪ ಹೇಳಿದ್ದು ಇಷ್ಟೇ. ಅವರ ಕೈಬರಹವನ್ನು ಫಾಂಟ್ ಮಾಡೋಕೆ ನಾನು ಮೂರು ವೀಕೆಂಡ್ ಕಳೆದಿದ್ದೆ. ಹೋದ ವರ್ಷದಿಂದ ಅವರ ಬಲಗೈ ನಡುಗ್ತಾ ಇದೆ. ಬರೆಯೋದು ಪೂರ್ತಿ ನಿಂತುಹೋಗೋ ಮುಂಚೆ ಆ ಅಕ್ಷರವನ್ನು ಎಲ್ಲಾದ್ರೂ ಇಟ್ಟುಕೊಳ್ಳೋಣ ಅನ್ನೋದು ನನ್ನ ಆಸೆ. ಡೌನ್‌ಲೋಡ್ ಮಾಡಿದ ಟೆಂಪ್ಲೇಟ್‌ನ ಚೌಕಗಳಲ್ಲಿ ಅವರು ಒಂದೊಂದೇ ಅಕ್ಷರವನ್ನು ಉಸಿರು ಬಿಗಿಹಿಡಿದು ಬರೆದುಕೊಟ್ಟಿದ್ರು. ಸ್ಕ್ಯಾನ್ ಮಾಡಿ, ಗೆರೆಗಳನ್ನು ಶುಚಿ ಮಾಡಿ, ಫಾಂಟ್ ಕಟ್ಟಿ, ಮೊದಲ ಪ್ರಿಂಟ್‌ನಲ್ಲಿ ನಮ್ಮ ವಿಳಾಸವನ್ನೇ ಹಾಕಿದ್ದೆ: ಬಳ್ಳಾರಿ ರಸ್ತೆ, ಗಂಗಾನಗರ, ಬೆಂಗಳೂರು.

ಅಪ್ಪ ಹೇಳಿದ್ದು ನಿಜ. ಗಂಗಾನಗರದ ಗ ಅವರದ್ದೇ, ನ ಅವರದ್ದೇ, ಸೊನ್ನೆಯೂ ಅವರದ್ದೇ. ಪದ ಮಾತ್ರ ಯಾರದ್ದೂ ಅಲ್ಲ. ಪರಿಚಯ ಇಲ್ಲದವರನ್ನು ಬಸ್ ಸ್ಟಾಪಿನಲ್ಲಿ ಸಾಲಾಗಿ ನಿಲ್ಲಿಸಿದ ಹಾಗಿತ್ತು.

ಕನ್ನಡದ ಕೈಬರಹ ಫಾಂಟ್‌ಗಳ ಬಗ್ಗೆ ನನ್ನ ತಕರಾರು ಶುರುವಾಗಿದ್ದು ಅಲ್ಲಿಂದ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಎಲ್ಲೆಲ್ಲೂ ಅದೇ ಕಾಣುತ್ತೆ. ಮದುವೆ ಕಾರ್ಡು, ಕೆಫೆ ಗೋಡೆಯ ಮೇಲಿನ ಸಾಲು, ಇನ್‌ಸ್ಟಾಗ್ರಾಂ ಪೋಸ್ಟು, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು. ಎಲ್ಲರಿಗೂ ಈಗ ಕೈಯಲ್ಲಿ ಬರೆದ ಹಾಗೆ ಕಾಣೋ ಕನ್ನಡ ಬೇಕು. ಅದಕ್ಕೆ ಫಾಂಟ್ ಮಾಡೋರು ಏನು ಮಾಡ್ತಾರೆ? ಅಕ್ಷರವನ್ನು ಸೊಟ್ಟ ಮಾಡ್ತಾರೆ. ಒಂದು ಮೇಲೆ, ಒಂದು ಕೆಳಗೆ ಕುಣಿಸ್ತಾರೆ. ಆದ್ರೆ ಅಕ್ಷರ ಅಕ್ಷರದ ನಡುವಿನ ಜಾಗವನ್ನು ಮಾತ್ರ ಮೆಷಿನ್ ಕೊಟ್ಟ ಹಾಗೇ ಬಿಟ್ಟುಬಿಡ್ತಾರೆ. ನಮ್ಮ ಕೈ ನಿಜವಾಗಿ ಮಾಡೋದು ಹೆಚ್ಚುಕಮ್ಮಿ ಇದರ ಉಲ್ಟಾ. ದಿನಾ ಬರೆಯೋರ ಅಕ್ಷರ ಸುಮಾರು ಒಂದೇ ಥರ ಇರುತ್ತೆ. ಜಾಗ ಮಾತ್ರ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿಕೊಂಡು ಬದಲಾಗುತ್ತೆ.

ಗಂಗಾನಗರವನ್ನೇ ತಗೊಳ್ಳಿ. ಫಾಂಟ್ ಪರೀಕ್ಷೆಗೆ ಇದಕ್ಕಿಂತ ಒಳ್ಳೇ ಪದ ನನಗೆ ಸಿಕ್ಕಿಲ್ಲ. ಮೊದಲು ಸೊನ್ನೆ. ಹಿಂದಿಯ ಅನುಸ್ವಾರ ತಲೆ ಮೇಲಿನ ಒಂದು ಚುಕ್ಕಿ, ಅದಕ್ಕೆ ಪಕ್ಕದಲ್ಲಿ ಜಾಗ ಬೇಡ. ನಮ್ಮ ಸೊನ್ನೆ ಸಾಲಿನಲ್ಲೇ ಕೂರೋ ಪೂರ್ತಿ ವೃತ್ತ. ಆದ್ರೂ ಅದು ಸ್ವತಂತ್ರ ಅಕ್ಷರವಲ್ಲ, ಹಿಂದಿನ ಗ-ಕ್ಕೆ ಸೇರಿದ್ದು. ಅಪ್ಪ ಬರೆಯುವಾಗ ಸೊನ್ನೆ ಹಿಂದಿನ ಗ-ಕ್ಕೆ ಆತುಕೊಂಡಿರುತ್ತೆ, ಮುಂದಿನ ಗಾ-ದಿಂದ ಸ್ವಲ್ಪ ದೂರ ನಿಲ್ಲುತ್ತೆ. ನನ್ನ ಫಾಂಟ್‌ನಲ್ಲಿ ಎರಡೂ ಕಡೆ ಸಮ ಜಾಗ. ಹಾಗಾಗಿ ಓದಿದರೆ ಗ, ಒಂದು ಪೂಜ್ಯ, ಆಮೇಲೆ ಗಾನಗರ! ಸೊನ್ನೆಯ ಎಡಗಡೆ ಜಾಗ ಕಡಿಮೆ ಮಾಡಿ, ಬಲಗಡೆ ಹಾಗೇ ಬಿಟ್ಟ ತಕ್ಷಣ ಅರ್ಧ ಕಾಯಿಲೆ ವಾಸಿಯಾಯ್ತು.

ಎರಡನೇದು ತಲೆಕಟ್ಟು. ಗ, ನ, ರ ಮೂರಕ್ಕೂ ತಲೆಕಟ್ಟು ಇದೆ. ಕೈಯಲ್ಲಿ ಬರೆಯುವಾಗ ಅದರ ತುದಿ ಬಲಕ್ಕೆ ಚಾಚಿಕೊಂಡು ಮುಂದಿನ ಅಕ್ಷರದ ನೆತ್ತಿ ಮೇಲೆ ಹೋಗುತ್ತೆ. ಗಾ-ದ ದೀರ್ಘವಂತೂ ಇನ್ನೂ ಉದ್ದ. ಸಾಫ್ಟ್‌ವೇರ್‌ಗೆ ಇದು ಗೊತ್ತಿಲ್ಲ. ಅದು ಅಕ್ಷರದ ಬಲತುದಿ ಎಲ್ಲಿದೆ ಅಂತ ನೋಡಿ, ಅಲ್ಲಿಂದ ಆಚೆಗೆ ಜಾಗ ಬಿಡುತ್ತೆ. ಬಲತುದಿ ಅಂದ್ರೆ ತಲೆಕಟ್ಟಿನ ತುದಿ. ಕೆಳಗೆ ಅಕ್ಷರದ ಒಡಲು ಅಷ್ಟು ಹಿಂದೆಯೇ ಮುಗಿದಿರುತ್ತೆ. ಹಾಗಾಗಿ ಒಡಲಿನ ಮಟ್ಟದಲ್ಲಿ ದೊಡ್ಡ ಕಿಂಡಿ ಬಿದ್ದು, ಪದ ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತೆ. ಜ, ಟ, ಣ, ಬ, ಲ-ಗಳಿಗೆ ತಲೆಕಟ್ಟೇ ಇಲ್ಲ. ಹಾಗಾಗಿ ಒಂದೇ ಸಾಲಿನಲ್ಲಿ ಕೆಲವು ಜಾಗ ಸರಿ, ಕೆಲವು ತೀರಾ ಅಗಲ. ಇದಕ್ಕೆ ಮದ್ದು, ಒಡಲಿನ ಅಂಚಿನಿಂದ ಜಾಗ ಅಳೆಯೋದು, ತಲೆಕಟ್ಟನ್ನು ಗಡಿಯಾಚೆ ಚಾಚೋಕೆ ಬಿಡೋದು. ಬಲಗಡೆಯ ಅಂಚಿಗೆ ಮೈನಸ್ ಸಂಖ್ಯೆ ಹಾಕಬೇಕಾದೀತು. ಹೆದರಬೇಡಿ, ಹಾಕಿ.

ಇಲ್ಲಿ ಬಹಳ ಜನ ಮಾಡೋ ತಪ್ಪನ್ನು ನಾನೂ ಮಾಡಿದೆ. ಗ-ನ ಜೋಡಿ ಸರಿಯಿಲ್ಲ ಅಂತ ಅದಕ್ಕೊಂದು ಕರ್ನಿಂಗ್, ನ-ಗ ಜೋಡಿಗೆ ಇನ್ನೊಂದು. ಕನ್ನಡದಲ್ಲಿ ಆ ದಾರಿ ಹಿಡಿದರೆ ಮುಗಿಯೋ ಮಾತೇ ಇಲ್ಲ. 34 ವ್ಯಂಜನ, ಒಂದೊಂದಕ್ಕೂ 15 ರೂಪ ಅಂದ್ರೆ ಬರೀ ಕಾಗುಣಿತವೇ 510. ಒತ್ತಕ್ಷರ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಮೊದಲು ಪ್ರತಿ ಅಕ್ಷರದ ಎಡ-ಬಲದ ಜಾಗ ಸರಿ ಮಾಡಬೇಕು. ಎರಡು ನ-ಗಳ ನಡುವೆ ಒಂದೊಂದೇ ಅಕ್ಷರ ಕೂರಿಸಿ ನೋಡಿ, ಯಾವುದು ಇಕ್ಕಟ್ಟು, ಯಾವುದು ಸಡಿಲ ಅಂತ ತಾನಾಗಿ ಕಾಣುತ್ತೆ. ಅಷ್ಟಾದ ಮೇಲೂ ಹಟ ಮಾಡೋ ಕೆಲವೇ ಜೋಡಿಗಳಿಗೆ ಮಾತ್ರ ಕರ್ನಿಂಗ್.

ಇನ್ನು ಬಳ್ಳಾರಿ ರಸ್ತೆ. ಇಲ್ಲಿ ಒತ್ತುಗಳ ಕಾಟ. ಳ-ದ ಒತ್ತು, ತ-ದ ಒತ್ತು ಎರಡೂ ಕೆಳಗೆ, ಸ್ವಲ್ಪ ಬಲಕ್ಕೆ ಕೂರುತ್ತವೆ. ಒತ್ತಿಗೆ ಪೂರ್ತಿ ಅಕ್ಷರದ ಅಗಲ ಕೊಟ್ಟರೆ ಮೇಲಿನ ಸಾಲಿನಲ್ಲಿ ತೂತು ಬೀಳುತ್ತೆ, 'ಬಳ್ಳಾ' ಒಂದು ಕಡೆ, 'ರಿ' ಇನ್ನೊಂದು ಕಡೆ. ಅಗಲವೇ ಬೇಡ ಅಂತ ಸೊನ್ನೆ ಕೊಟ್ಟರೆ ಬಳ್ಳಾರಿ ಚೆನ್ನಾಗೇ ಕಾಣುತ್ತೆ, ಆದ್ರೆ ಅಣ್ಣಮ್ಮ ಅಂತ ಟೈಪ್ ಮಾಡಿ ನೋಡಿ. ಣ-ದ ಒತ್ತು, ಮ-ದ ಒತ್ತು ಒಂದರ ಮೇಲೊಂದು ಬಿದ್ದು ಜಗಳ. ಒತ್ತು ಬಲಕ್ಕೆ ಎಷ್ಟು ಹೊರಗೆ ಬಂದಿದೆಯೋ ಅಷ್ಟಕ್ಕೆ ಮಾತ್ರ ಅಗಲ ಕೊಟ್ಟು, ಎರಡು ಒತ್ತು ಅಕ್ಕಪಕ್ಕ ಬಂದಾಗ ದೂರ ತಳ್ಳೋಕೆ ಬೇರೆ ನಿಯಮ ಬರೀಬೇಕು. ಓಪನ್‌ಟೈಪ್‌ನಲ್ಲಿ ಭಾರತೀಯ ಲಿಪಿಗಳ ಇಂಥ ಅಗತ್ಯಕ್ಕಂತಲೇ 'ಡಿಸ್ಟ್' ಅನ್ನೋ ಫೀಚರ್ ಇದೆ. ಕರ್ನಿಂಗನ್ನು ಬಳಸೋರು ಆಫ್ ಮಾಡಬಹುದು. ಡಿಸ್ಟ್ ಯಾವಾಗಲೂ ಆನ್ ಇರಬೇಕಾದ್ದು. ಒತ್ತುಗಳ ಡಿಕ್ಕಿ ತಪ್ಪಿಸೋದು ಅಲಂಕಾರವಲ್ಲ, ಅದು ಓದೋಕೆ ಬೇಕಾದ ಕನಿಷ್ಠ ಸೌಕರ್ಯ.

ಇಷ್ಟೆಲ್ಲಾ ತಾಪತ್ರಯದ ಬೇರು ಎಲ್ಲಿದೆ? ನನ್ನ ಪ್ರಕಾರ ಆ ಚೌಕದಲ್ಲಿದೆ. ಒಂದು ಅಕ್ಷರಕ್ಕೆ ಒಂದು ಚೌಕ ಅನ್ನೋದು ಅಚ್ಚುಮೊಳೆಯ ಯೋಚನೆ. ಮೊಳೆಗೆ ಸೀಸದ ಮೈ ಇತ್ತು, ಎಡ-ಬಲ ಗಡಿ ಇತ್ತು, ಒಂದರ ಪಕ್ಕ ಒಂದು ಜೋಡಿಸಬೇಕಿತ್ತು. ಕನ್ನಡ ಪತ್ರಿಕೆ ಶುರುವಾಗಿದ್ದೇನೋ ಹಾಗಲ್ಲ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನದ್ದು. ಬರೆದವರ ಕೈ ಬಿಟ್ಟ ಜಾಗವೇ ಅಚ್ಚಿನಲ್ಲೂ ಇಳಿಯೋ ತಂತ್ರ ಅದು. ಮೊಳೆ ಬಂದ ಮೇಲೆ ಆ ಜಾಗ ಬರೆಯೋರ ಕೈಯಿಂದ ಮೊಳೆ ಜೋಡಿಸೋರ ಕೈಗೆ ಹೋಯ್ತು. ಕಂಪ್ಯೂಟರ್ ಬಂದಾಗ ಇನ್ನೂ ಒಂದು ಹೆಜ್ಜೆ ಆಚೆ. 1998ರಲ್ಲಿ ಬಂದ ಬರಹ, ಆಮೇಲೆ ಬಂದ ನುಡಿ ನಮಗೆಲ್ಲ ಕನ್ನಡ ಟೈಪಿಂಗ್ ಕೊಟ್ಟವು, ಆ ಋಣ ದೊಡ್ಡದು. ಆದ್ರೆ ಯೂನಿಕೋಡ್‌ಗೆ ಮುಂಚಿನ ಅವುಗಳ ಫಾಂಟ್‌ಗಳಲ್ಲಿ ಕ ಅಂದ್ರೆ ಒಂದು ಅಕ್ಷರವಲ್ಲ, ಎರಡು ತುಂಡು. ಒಡಲು ಬೇರೆ, ತಲೆಕಟ್ಟು ಬೇರೆ. ಜಾಗ ಒಂದು ಚೂರು ತಪ್ಪಿದರೂ ತಲೆ ಹಾರಿಹೋದ ಕ! ಯೂನಿಕೋಡ್ ಫಾಂಟ್‌ಗಳು ಬಂದು ತಲೆಯನ್ನು ಒಡಲಿಗೆ ಅಂಟಿಸಿದವು. ಅಕ್ಷರ ಅಕ್ಷರದ ನಡುವಿನ ಜಾಗ ಮಾತ್ರ ಈಗಲೂ ಫಾಂಟ್ ಮಾಡೋರ ತಾಳ್ಮೆಗೆ ಬಿಟ್ಟಿದ್ದು.

ತಾಳ್ಮೆ ಇರೋರು ಮಾಡಿದ್ದೂ ನಮ್ಮಲ್ಲಿದೆ. ಏಕ್ ಟೈಪ್‌ನವರ 'ಬಾಲೂ ತಮ್ಮ' ನೋಡಿ. ಅದು ಕೈಬರಹ ಅಂತ ಸೋಗು ಹಾಕೋದಿಲ್ಲ, ದಪ್ಪ ಮೈಯ ತಮಾಷೆ ಹುಡುಗ. ಆದ್ರೂ ಅದರಲ್ಲಿ ಒಂದು ಪದ ಬರೆದರೆ ಅದು ಒಂದೇ ಪದವಾಗಿ ಕಾಣುತ್ತೆ, ಒತ್ತುಗಳು ಇದ್ದಲ್ಲೇ ಆರಾಮಾಗಿ ಕೂತಿರುತ್ತವೆ. ಕೈಬರಹ ಅಂತ ಹೆಸರಿಟ್ಟುಕೊಂಡ ಎಷ್ಟೋ ಫಾಂಟ್‌ಗಳಿಗಿಂತ ಇದರಲ್ಲೇ ಕೈಯ ಓಟ ಜಾಸ್ತಿ ಇದೆ ಅನ್ನಿಸುತ್ತೆ ನನಗೆ.

ಸರಿ, ಅಪ್ಪನ ಫಾಂಟ್ ಏನಾಯ್ತು? ಮತ್ತೆ ಬರೆಸೋಣ ಅಂತ ಅಂದುಕೊಂಡೆ. ಆಮೇಲೆ ಹೊಳೀತು, ಈಗ ಬರೆಸಿದರೆ ಸಿಗೋದು ನಡುಕಕ್ಕೆ ಹೆದರಿದ ಜಾಗ, ಅವರ ಜಾಗ ಅಲ್ಲ. ಅಟ್ಟದ ಮೇಲೆ ಅವರ ಹಳೇ ಡೈರಿಗಳಿದ್ದವು. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಕು, ಊರಿಂದ ಬಂದವರ ಹೆಸರು. ಯಾರಿಗೂ ತೋರಿಸೋಕೆ ಬರೆದದ್ದಲ್ಲ, ಅದಕ್ಕೇ ಅಲ್ಲಿ ಜಾಗ ಸುಳ್ಳು ಹೇಳೋದಿಲ್ಲ. ಆ ಪುಟಗಳನ್ನು ಸ್ಕ್ಯಾನ್ ಮಾಡಿ, ಹಿಂದೆ ಮಸುಕಾಗಿ ಇಟ್ಟುಕೊಂಡು, ಮೇಲೆ ಫಾಂಟ್‌ನಲ್ಲಿ ಅದೇ ಸಾಲು ಟೈಪ್ ಮಾಡಿ, ಎರಡೂ ಹೊಂದೋವರೆಗೂ ಜಾಗ ಸರಿ ಮಾಡ್ತಾ ಹೋದೆ.

ಅಲ್ಲೂ ಒಂದು ತೊಡಕು. ಅಪ್ಪ ಸಾಲಿನ ಕೊನೆಗೆ ಬಂದಾಗ ಪದ ಒಡೆಯೋದಿಲ್ಲ, ಒತ್ತೊತ್ತಾಗಿ ಬರೆದು ಹೇಗೋ ತುರುಕ್ತಾರೆ. ಸಾಲಿನ ಮೊದಲಲ್ಲಿ ಧಾರಾಳ. ಹಾಗಾದ್ರೆ ಯಾವುದು ಅವರ ಜಾಗ? ಫಾಂಟ್‌ಗೆ ಸಾಲಿನ ಕೊನೆ ಎಲ್ಲಿದೆ ಅಂತ ಗೊತ್ತಾಗೋದಿಲ್ಲ. ನಾನು ಸಾಲಿನ ನಡುವಿನ ಪದಗಳಿಂದ ಅಳತೆ ತಗೊಂಡೆ. ಅಂದ್ರೆ ಫಾಂಟ್‌ನಲ್ಲಿರೋದು ಆರಾಮಾಗಿರೋ ಅಪ್ಪ ಮಾತ್ರ. ಜಾಗ ಸಾಲದೆ ತುರುಕೋ ಅಪ್ಪ ಡೈರಿಯಲ್ಲೇ ಉಳಿದುಬಿಟ್ರು. ಇಷ್ಟು ನಷ್ಟ ಒಪ್ಪಿಕೊಳ್ಳದೆ ಯಾವ ಕೈಬರಹವೂ ಫಾಂಟ್ ಆಗೋದಿಲ್ಲ.

ಹಾಗಾಗಿ ನೀವು ನಿಮ್ಮ ಅಮ್ಮಂದೋ ಅಜ್ಜಂದೋ ಅಕ್ಷರ ಉಳಿಸ್ಬೇಕು ಅಂತಿದ್ದರೆ, ಚೌಕದ ಹಾಳೆ ಕೊಡೋ ಮುಂಚೆ ಗೆರೆಯ ಹಾಳೆ ಕೊಡಿ. ಏನಾದ್ರೂ ಒಂದು ಪುಟ ಬರೀಲಿ, ಸಾಮಾನಿನ ಪಟ್ಟಿಯಾದ್ರೂ ಪರವಾಗಿಲ್ಲ. ಕೆಟ್ಟ ಅಕ್ಷರವನ್ನು ಆಮೇಲೆ ತಿದ್ದಬಹುದು. ಅವರು ಬಿಟ್ಟ ಜಾಗವನ್ನು ಆಮೇಲೆ ಯಾರ ಹತ್ರ ಕೇಳ್ತೀರಿ?

ಹೋದ ಭಾನುವಾರ ಹೊಸ ಪ್ರಿಂಟ್ ತೋರಿಸಿದೆ. ಅದೇ ವಿಳಾಸ. ಅಪ್ಪ ತುಂಬಾ ಹೊತ್ತು ನೋಡಿದ್ರು. "ಗಂಗಾನಗರ ಸರಿ ಇದೆ" ಅಂದ್ರು. ಆಮೇಲೆ ಪೆನ್ನು ತಗೊಂಡು, ನಡುಗೋ ಕೈಯಲ್ಲೇ ಬಳ್ಳಾರಿಯ ಒತ್ತಿನ ಪಕ್ಕ ಎಡಕ್ಕೆ ಒಂದು ಬಾಣ ಹಾಕಿದ್ರು.

"ಇದು ಇನ್ನೊಂದು ಚೂರು ಹತ್ರ ಬರ್ಬೇಕು ನೋಡು."