ಸುಕ್ಕಿಲ್ಲದ ಹಾಳೆ, ಸಡಿಲ ನಿಯಮ

ಬರ್ಫಿಯ ಮೇಲಿನ ಬೆಳ್ಳಿ ವರಕ್‌ಗೆ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ರೂಪಿಸಿದ ನಿಯಮಕ್ಕೆ ಅದರ ಯೋಗ್ಯತೆ ಮೀರಿದ ಮರ್ಯಾದೆ ಸಿಕ್ಕಿದೆ. ಇನ್ನೇನು, ಸಿಹಿ ಸುರಕ್ಷಿತವಾಯಿತು ಎಂಬ ಧಾಟಿ. ನಿಯಮ ಹೇಳುವುದು ನಾಲ್ಕೇ ಮಾತು: ಹಾಳೆ ಒಂದೇ ದಪ್ಪವಿದ್ದು ಸುಕ್ಕು, ಮಡಿಕೆ ಇಲ್ಲದಿರಬೇಕು, ತೂಕ ಚದರ ಮೀಟರಿಗೆ 2.8 ಗ್ರಾಂ ಮೀರಬಾರದು. ಬೆಳ್ಳಿಯ ಶುದ್ಧತೆ ಸಾವಿರಕ್ಕೆ 999 ಇರಬೇಕು. ತಯಾರಿಕೆಯಲ್ಲಿ ಪ್ರಾಣಿಜನ್ಯ ವಸ್ತು ಸೋಕಬಾರದು.

ಮೊದಲನೆಯದು ಕಣ್ಣಿನ ಮಾತು. ಹೊಟ್ಟೆಗೆ ಇಳಿಯುವ ಹಾಳೆಗೆ ಸುಕ್ಕಿದ್ದರೇನು? ಎರಡನೆಯದು ಇನ್ನೂ ವಿಚಿತ್ರ. ಲೆಕ್ಕ ಹಾಕಿದರೆ 2.8 ಗ್ರಾಂ ಎಂದರೆ ಮಿಲಿಮೀಟರಿನ ಸುಮಾರು ಮೂರೂಮುಕ್ಕಾಲು ಸಾವಿರದಲ್ಲೊಂದು ಪಾಲು ದಪ್ಪ. ಬೆಳ್ಳಿಯ ಬೆಲೆ ಗೊತ್ತಿರುವ ಯಾವ ವ್ಯಾಪಾರಿ ಅದಕ್ಕಿಂತ ದಪ್ಪನಾಗಿ ಬಡಿಸುತ್ತಾನೆ? ಮಿತಿ ಬೇಕಾದದ್ದು ಹಾಳೆಯ ಚದರ ಮೀಟರಿಗಲ್ಲ, ತಿನ್ನುವ ಕಿಲೋ ಸಿಹಿಗೆ. ಒಂದರ ಮೇಲೊಂದು ಎರಡು ಹಾಳೆ ಹೊದಿಸಿದರೆ, ಬೆಳ್ಳಿ ಸುತ್ತಿದ ಏಲಕ್ಕಿಯನ್ನು ದಿನವೂ ಬಾಯಿಗೆ ಹಾಕಿಕೊಂಡರೆ ಈ ಸಾಲಿಗೆ ಬಾಯಿಯೇ ಇಲ್ಲ.

ಮೂರನೆಯ ಮಾತು ಗಟ್ಟಿ, ಒಪ್ಪಬೇಕು. ಹತ್ತು ಸೆಂಟಿಮೀಟರಿನ ಚೌಕ ಹಾಳೆಯಲ್ಲಿ ಹೆಚ್ಚೆಂದರೆ 28 ಮಿಲಿಗ್ರಾಂ ಬೆಳ್ಳಿ. ನಿಯಮ ಪಾಲಿಸಿದರೆ ಬೇರೆ ಲೋಹ ಅದರ ಸಾವಿರದಲ್ಲೊಂದು ಪಾಲು. ಪಾಲಿಸಿದರೆ ತಾನೆ! ಮನೆಯಲ್ಲೇ ಪರೀಕ್ಷಿಸಿ ಎಂದು ನಮಗೆ ಹೇಳಿಕೊಡುವುದು ಸುಡುವ ವಿಧಾನ: ಬೆಳ್ಳಿ ಹೊಳೆಯುವ ಗುಂಡಾಗುತ್ತದೆ, ಅಲ್ಯೂಮಿನಿಯಂ ಬೂದಿಯಾಗುತ್ತದೆ. ಇದರಿಂದ ಸಿಕ್ಕಿಬೀಳುವುದು ಅಲ್ಯೂಮಿನಿಯಂ ಮಾತ್ರ. ಸ್ವಲ್ಪ ಸೀಸ ಬೆರೆತ ಬೆಳ್ಳಿಯೂ ಗುಂಡೇ ಆಗುತ್ತದೆ. ಲಕ್ನೋದ ವಿಷವಿಜ್ಞಾನಿಗಳು ಮಾರುಕಟ್ಟೆಯ ಹಾಳೆಗಳಲ್ಲಿ ನಿಕ್ಕಲ್, ಸೀಸ, ಕ್ಯಾಡ್ಮಿಯಂ ಕಂಡದ್ದು ಪ್ರಯೋಗಾಲಯದಲ್ಲಿ, ಒಲೆಯ ಮೇಲಲ್ಲ.

ನಮ್ಮವರ ಜಗಳವೆಲ್ಲ ನಾಲ್ಕನೆಯ ಮಾತಿನ ಸುತ್ತ. ದನದ ಕರುಳಿನ ಹಾಳೆಗಳ ನಡುವೆ ಬೆಳ್ಳಿ ಬಡಿಯುವುದು ಸಸ್ಯಾಹಾರಿಗೆ ಸಂಕಟ, ನಿಜ. ಹಾಗೆಂದು ಯಂತ್ರದಲ್ಲಿ ತಯಾರಾದ ಹಾಳೆಯ ಹಸಿರು ಚುಕ್ಕೆ ಸೀಸದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಡಿಯ ಪ್ರಶ್ನೆಯನ್ನು ಸುರಕ್ಷತೆಯ ಪ್ರಶ್ನೆಯೆಂದು ಮಾರಿದ ಅಂಕಣಕಾರರು ಓದುಗರಿಗೆ ಉಪಕಾರ ಮಾಡಲಿಲ್ಲ. ಆಯುರ್ವೇದದ ರಜತ ಭಸ್ಮವನ್ನು ಎಳೆದುತಂದು ವರಕ್ ಔಷಧಿಯೇ ಎನ್ನುವವರಿಗೆ ಒಂದೇ ಮಾತು: ಭಸ್ಮಕ್ಕೆ ಶುದ್ಧಿಮಾಡುವ ಶೋಧನ, ಸುಟ್ಟು ಬೂದಿಮಾಡುವ ಮಾರಣಗಳಿವೆ, ಬರ್ಫಿಗೆ ಅಂಟಿಸಿದ ಲೋಹಕ್ಕೆ ಯಾವ ಸಂಸ್ಕಾರವೂ ಇಲ್ಲ. ಮೈ ನೀಲಿಯಾಗುತ್ತದೆಂದು ಹೆದರಿಸುವವರೂ ಅತಿ ಮಾಡುತ್ತಾರೆ. ಆ ತೊಂದರೆ ಹೆಚ್ಚಾಗಿ ಬೆಳ್ಳಿಯ ದ್ರಾವಣವನ್ನು ಬಹುಕಾಲ ಕುಡಿದವರದು, ಹಬ್ಬಕ್ಕೆ ಎರಡು ತುಂಡು ತಿಂದವರದಲ್ಲ. ಈ ಮೂರು ಪಕ್ಷದವರೂ ಓದಬೇಕಾದದ್ದು ಬೇರೆಯೇ ಇದೆ: ಬೆಳ್ಳಿ ಸುರಕ್ಷಿತವೆನ್ನಲು ಮಾಹಿತಿ ಸಾಲದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಅದೇ 2016ರಲ್ಲಿ ಬರೆಯಿತು. ಅಮೆರಿಕದಲ್ಲಿ ಬೆಳ್ಳಿಗೆ ಆಹಾರದ ಬಣ್ಣವಾಗಿ ಅನುಮತಿಯೇ ಇಲ್ಲ.

ಇನ್ನು ಕೇಕಿಗೆ ಉದುರಿಸುವ ಹೊಳಪಿನ ಪುಡಿ. ಹಾಳೆಗೆಂದು ಬರೆದ ನಿಯಮ ಅದನ್ನು ಮುಟ್ಟುವುದೂ ಇಲ್ಲ. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಹುಟ್ಟುಹಬ್ಬದ ಕೇಕ್ ತಿಂದು ಮಕ್ಕಳು ವಾಂತಿ ಮಾಡಿಕೊಂಡರು. ಅದರ ಚಿನ್ನದ ಬಣ್ಣದ ಪುಡಿಯಲ್ಲಿದ್ದದ್ದು ತಾಮ್ರ. ಡಬ್ಬಿಯ ಮೇಲೆ ‘ವಿಷರಹಿತ’ ಎಂದಿದ್ದರೆ ತಿನ್ನಬಹುದು ಎಂದರ್ಥವಲ್ಲ.

ಕಿಲೋ ಸಿಹಿಗೆ ಎಷ್ಟು ಬೆಳ್ಳಿ, ಹಾಳೆಯಲ್ಲಿ ಎಷ್ಟು ಸೀಸ ಎಂಬ ಎರಡು ಅಂಕಿಗಳು ಹೆಸರು ಹಿಡಿದು ಸೇರುವವರೆಗೆ ಈ ನಿಯಮ ಅರೆಬರೆ. ಅಲ್ಲಿಯವರೆಗೆ ಅಂಗಡಿಯಲ್ಲಿ ವರಕ್ ಇಲ್ಲದ ಬರ್ಫಿಯನ್ನೇ ಕೇಳಿ. ರುಚಿಯಲ್ಲಿ ಏನೂ ಕಡಿಮೆಯಾಗದು.