ಹಾಕಿದ ಹಣದ ಮೋಹ: ಒಂದು ಪ್ರಬಂಧದ ಮರು ಓದು

‘ಮೂರು ವರ್ಷ ಹಾಕಿದ್ದೇನೆ ಸರ್, ಈಗ ಹೇಗೆ ಬಿಡಲಿ?’ ಫಲ ಕಾಣದ ಪ್ರಯೋಗವೊಂದರ ಬಗ್ಗೆ ನನ್ನ ಸಂಶೋಧನಾ ವಿದ್ಯಾರ್ಥಿ ಹೀಗೆ ಕೇಳಿದಾಗ, ಮನೋವಿಜ್ಞಾನಿಗಳಾದ ಆರ್ಕ್ಸ್ ಮತ್ತು ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಅವನಿಗೆ ಕೊಟ್ಟೆ. ‘ಕಳೆದದ್ದನ್ನು ಮರೆತುಬಿಡು’ ಎಂದೂ ಹೇಳಿದೆ. ಆಮೇಲೆ ನಾನೇ ಅದನ್ನು ಮತ್ತೊಮ್ಮೆ ಓದಿದೆ. ನನ್ನ ಸಲಹೆ ಅರ್ಧ ಮಾತ್ರ ಸರಿ ಅನ್ನಿಸಿತು.

ಮರಳಿ ಬಾರದ ವೆಚ್ಚವೂ ನಮ್ಮ ಮುಂದಿನ ನಿರ್ಧಾರವನ್ನು ಕಟ್ಟಿಹಾಕುತ್ತದೆ ಎಂಬುದು ಪ್ರಬಂಧದ ತಿರುಳು. ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ಋತುವಿನ ಟಿಕೆಟು ಕೊಂಡವರಲ್ಲಿ ಕೆಲವರಿಗೆ, ಯಾದೃಚ್ಛಿಕವಾಗಿ ಆಯ್ದು, 15 ಡಾಲರಿನ ಟಿಕೆಟನ್ನು 13ಕ್ಕೆ ಇಲ್ಲವೇ 8ಕ್ಕೆ ಕೊಟ್ಟರು. ಮೊದಲ ಐದು ನಾಟಕಗಳಲ್ಲಿ ಪೂರ್ತಿ ಬೆಲೆ ತೆತ್ತವರು ಸರಾಸರಿ 4.11 ನಾಟಕಗಳಿಗೆ ಹೋದರು. ರಿಯಾಯಿತಿ ಪಡೆದವರು ಸುಮಾರು 3.3ಕ್ಕೆ. ಸೊಗಸಾದ ಪ್ರಯೋಗ! ಋತುವಿನ ಉತ್ತರಾರ್ಧದಲ್ಲಿ ಈ ವ್ಯತ್ಯಾಸ ಉಳಿಯಲಿಲ್ಲ ಎಂಬುದನ್ನು ಮಾತ್ರ ಹೇಳುವವರು ಕಡಿಮೆ.

ಹೆಚ್ಚು ಪ್ರಸಿದ್ಧವಾದದ್ದು ವಿಮಾನದ ಪ್ರಶ್ನೆ. ರಾಡಾರಿಗೆ ಕಾಣದ ವಿಮಾನಕ್ಕಾಗಿ ನಿಮ್ಮ ಕಂಪನಿ ಒಂದು ಕೋಟಿ ಡಾಲರು ತೊಡಗಿಸಿದೆ, ಶೇಕಡ 90 ಕೆಲಸ ಮುಗಿದಿದೆ. ಅಷ್ಟರಲ್ಲಿ ಎದುರಾಳಿ ಇನ್ನೂ ಉತ್ತಮವಾದುದನ್ನು ಮಾರಾಟಕ್ಕಿಟ್ಟಿದ್ದಾನೆ. ಉಳಿದ ಹಣ ಸುರಿಯುವಿರಾ? 48 ಜನರಲ್ಲಿ 41 ಮಂದಿ ‘ಹೌದು’ ಎಂದರು. ಮೊದಲು ಏನನ್ನೂ ಖರ್ಚು ಮಾಡಿಲ್ಲ, ಹತ್ತು ಲಕ್ಷ ಡಾಲರು ಹಾಕುವಿರಾ ಎಂದು ಕೇಳಿದಾಗ 60ರಲ್ಲಿ ‘ಹೌದು’ ಎಂದವರು 10 ಮಂದಿ.

ಇಲ್ಲೊಂದು ತೊಡಕನ್ನು ಗಮನಿಸಿದಿರಾ? ಖರ್ಚಾದ ಹಣ, ಮುಗಿದ ಕೆಲಸ – ಎರಡೂ ಒಟ್ಟಿಗೆ ಬದಲಾಗಿವೆ. ಪಿಯುಸಿ ಹುಡುಗನೊಬ್ಬ ಪ್ರಯೋಗಶಾಲೆಯಲ್ಲಿ ಉಷ್ಣತೆ, ಒತ್ತಡಗಳನ್ನು ಒಟ್ಟಿಗೆ ಬದಲಿಸಿದರೆ ನಾವು ಸುಮ್ಮನಿರುತ್ತೇವೆಯೇ? 1993ರಲ್ಲಿ ಕಾನ್ಲನ್ ಮತ್ತು ಗಾರ್ಲೆಂಡ್ ಇವೆರಡನ್ನೂ ಬೇರ್ಪಡಿಸಿ ನೋಡಿದಾಗ ಜನರನ್ನು ಎಳೆದದ್ದು ಮುಖ್ಯವಾಗಿ ‘ಇನ್ನೇನು ಮುಗಿಯಿತು’ ಎಂಬ ಭಾವ, ಸುರಿದ ಹಣವಲ್ಲ.

ನನ್ನ ಎರಡನೆಯ ಆಕ್ಷೇಪ ಭೌತವಿಜ್ಞಾನದ್ದು. ಖರ್ಚು ಮುಳುಗಬಹುದು, ಅದರಿಂದ ಸಿಕ್ಕ ಮಾಹಿತಿ ಮುಳುಗುವುದಿಲ್ಲ. ಲೈಗೊ ಉಪಕರಣ 2002ರಿಂದ 2010ರವರೆಗೆ ಒಂದೇ ಒಂದು ಗುರುತ್ವ ಅಲೆಯನ್ನೂ ಹಿಡಿಯಲಿಲ್ಲ. ಆದರೆ ಅದರ ನಾಯ್ಸ್ ವರ್ಷದಿಂದ ವರ್ಷಕ್ಕೆ ಇಳಿದು, 2005ರ ಹೊತ್ತಿಗೆ ವಿನ್ಯಾಸಕಾರರು ಮೊದಲೇ ಗುರುತಿಸಿದ್ದ ಮಟ್ಟ ಮುಟ್ಟಿತ್ತು. ಮುಂದುವರಿಯಲು ಕಾರಣ ಆ ಗ್ರಾಫಿನಲ್ಲಿತ್ತು. ಸುಧಾರಿಸಿದ ಉಪಕರಣಕ್ಕೆ 2015ರ ಸೆಪ್ಟೆಂಬರಿನಲ್ಲಿ ಅಲೆ ಸಿಕ್ಕಿತು.

ಹಾಗಾಗಿ ಹುಡುಗನನ್ನು ಮತ್ತೆ ಕರೆದು, ಮರೆಯಲು ಹೇಳಿದ್ದ ಆ ಮೂರು ವರ್ಷಗಳ ದಾಖಲೆಯನ್ನೇ ತರಿಸಿದೆ. ಇಬ್ಬರೂ ಕೂತು ಗ್ರಾಫ್ ಎಳೆದೆವು. ಕೊನೆಯ ಹದಿನಾಲ್ಕು ತಿಂಗಳಲ್ಲಿ ನಾಯ್ಸ್ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಮರುವಾರ ಅವನೇ ಬಂದು ವಿಷಯ ಬದಲಿಸುವ ಅರ್ಜಿ ಕೊಟ್ಟ.