‘ಸ್ಪಾಟ್‌ಲೈಟ್’ ಕಾಣದ ಭಕ್ತರು

ಟಾಮ್ ಮೆಕಾರ್ಥಿ ನಿರ್ದೇಶನದ ‘ಸ್ಪಾಟ್‌ಲೈಟ್’ 2015ರಲ್ಲಿ ಬಂತು. ಮರುವರ್ಷ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆಯಿತು. ಬಾಸ್ಟನ್ ಸುತ್ತಮುತ್ತಲಿನ ಕ್ಯಾಥೊಲಿಕರಿಗೆ ಅದರಲ್ಲಿ ಹೊಸ ಸುದ್ದಿಯೇನೂ ಇರಲಿಲ್ಲ. ‘ಬಾಸ್ಟನ್ ಗ್ಲೋಬ್’ ಪತ್ರಿಕೆಯ ಮೊದಲ ವರದಿ ಅಚ್ಚಾದದ್ದು 2002ರ ಜನವರಿ 6ರಂದು, ಮೂವರು ಜ್ಞಾನಿಗಳ ಹಬ್ಬದ ಭಾನುವಾರ. ಜಾನ್ ಗೇಗನ್ ಎಂಬ ಪಾದ್ರಿ ಮಕ್ಕಳಾಗಿದ್ದಾಗ ನಮ್ಮನ್ನು ಕೆಡಿಸಿದ ಎಂದು ಮುಂದೆ ಬಂದವರು 130ಕ್ಕೂ ಹೆಚ್ಚು ಮಂದಿ. ದೂರು ಬಂದಾಗಲೆಲ್ಲ ಮೇಲಿನವರು ಆತನನ್ನು ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತ ಕಾಲ ನೂಕಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. 2003ರಲ್ಲಿ ಬಾಸ್ಟನ್ ಮಹಾಧರ್ಮಪ್ರಾಂತ ಸುಮಾರು 550 ಮಂದಿಗೆ 8.5 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತು. 2004ರಲ್ಲಿ ಲಾ ಅವರಿಗೆ ರೋಮಿನ ಸಾಂತಾ ಮರಿಯಾ ಮಜ್ಜೋರೆ ಮಹಾದೇವಾಲಯದ ಮುಖ್ಯ ಹುದ್ದೆ ಸಿಕ್ಕಿತು. ಆರದ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

ಚಿತ್ರ ದೊಡ್ಡದಾಗುವುದು ಅದರ ಸಂಯಮದಿಂದ. ರಾಕ್ಷಸ ಪಾದ್ರಿಯನ್ನು ತೋರಿಸಿ ನಮ್ಮ ಸಿಟ್ಟನ್ನು ಸುಲಭ ಮಾಡುವುದಿಲ್ಲ. ಅದು ತೋರಿಸುವುದು ಒಂದು ಊರಿನ ಸೌಜನ್ಯವನ್ನು. ಪತ್ರಿಕೆಗೆ ಹೊಸದಾಗಿ ಬಂದ ಯೆಹೂದಿ ಸಂಪಾದಕ ಮಾರ್ಟಿ ಬ್ಯಾರನ್ ಕಾರ್ಡಿನಲ್ಲರನ್ನು ನೋಡಲು ಹೋದಾಗ ಅವರು ಧರ್ಮೋಪದೇಶದ ಪುಸ್ತಕವನ್ನು ಉಡುಗೊರೆಯಾಗಿ ಕೊಡುತ್ತಾರೆ. ನಗುಮುಖದ ಎಚ್ಚರಿಕೆ ಅದು. ಕೊನೆಗೆ ತಿಳಿಯುವುದೇನು? ತಪ್ಪಿತಸ್ಥ ಪಾದ್ರಿಗಳ ಸಂಖ್ಯೆ ವರ್ಷಗಳ ಹಿಂದೆಯೇ ಇದೇ ಪತ್ರಿಕೆಗೆ ತಲುಪಿತ್ತು, ತನಿಖಾ ತಂಡದ ಮುಖ್ಯಸ್ಥ ರಾಬಿಯೇ ಅದನ್ನು ಒಳಪುಟದ ಸಣ್ಣ ಸುದ್ದಿಯಾಗಿಸಿ ಮುಗಿಸಿದ್ದ. ವಕೀಲರು, ಪೊಲೀಸರು, ನ್ಯಾಯಾಧೀಶರು, ಸಂಪಾದಕರು, ಎಲ್ಲರಿಗೂ ಅಷ್ಟಿಷ್ಟು ಗೊತ್ತಿತ್ತು. ಎಲ್ಲರೂ ಒಳ್ಳೆಯವರೇ.

ಇಷ್ಟನ್ನು ಮೆಚ್ಚಿ ಹೇಳಿದ ಮೇಲೆ ನನ್ನ ತಕರಾರು. ಈ ಚಿತ್ರದಲ್ಲಿ ನಂಬುವವರು ಎಲ್ಲಿದ್ದಾರೆ? ವರದಿಗಾರರೆಲ್ಲ ಹುಟ್ಟಿನಿಂದ ಕ್ಯಾಥೊಲಿಕರು, ಈಗ ಚರ್ಚಿನ ಹೊಸ್ತಿಲು ತುಳಿಯದವರು. ಯಾವತ್ತಾದರೂ ಒಂದು ದಿನ ವಾಪಸು ಹೋಗುತ್ತೇನೆ ಅಂದುಕೊಂಡಿದ್ದೆ, ಆ ಬಾಗಿಲೂ ಮುಚ್ಚಿತು ಎಂಬರ್ಥದಲ್ಲಿ ಮೈಕ್ ರೆಜೆಂಡಿಸ್ ರಾತ್ರಿ ಜಗಲಿಯ ಮೇಲೆ ನಿಂತು ಹೇಳುವ ಮಾತು ಚಿತ್ರದ ಅತ್ಯಂತ ಪ್ರಾಮಾಣಿಕ ಗಳಿಗೆ. ಫಿಲ್ ಸವಿಯಾನೊ ಎಂಬ ಸಂತ್ರಸ್ತ ಅದಕ್ಕೂ ಮೊದಲೇ ಹೇಳಿರುತ್ತಾನೆ: ಪಾದ್ರಿ ಕಸಿದದ್ದು ಮೈಯನ್ನು ಮಾತ್ರವಲ್ಲ, ನಂಬಿಕೆಯನ್ನೂ. ಸವಿಯಾನೊನಂಥವರ ಮುಂದೆ ನಿಂತು ‘ಭರವಸೆ ಇಡಿ’ ಎನ್ನುವ ಹಕ್ಕು ಯಾರಿಗೂ ಇಲ್ಲ. ನನಗೂ ಇಲ್ಲ.

ಆದರೆ ಉಳಿದುಕೊಂಡವರೂ ಇದ್ದರಲ್ಲ. ಅವರಿಗೆ ಚಿತ್ರ ಕೊಟ್ಟದ್ದು ಎರಡೇ ರೂಪ. ಒಂದು, ಹಿಂದೆ ಯಾಜಕರಾಗಿದ್ದ ರಿಚರ್ಡ್ ಸೈಪ್. ಚರ್ಚೆಂಬ ಸಂಸ್ಥೆ ಮನುಷ್ಯರದ್ದು, ಇಂದು ಇದ್ದು ನಾಳೆ ಹೋಗುವಂಥದ್ದು. ನನ್ನ ನಂಬಿಕೆ ಇರುವುದು ಶಾಶ್ವತವಾದುದರಲ್ಲಿ ಎಂಬ ಅರ್ಥದ ಮಾತಾಡುತ್ತಾರೆ. ಆದರೆ ಅವರ ಮುಖವನ್ನು ನಾವು ನೋಡುವುದೇ ಇಲ್ಲ, ಫೋನಿನಲ್ಲಿ ಬರುವ ದನಿ ಮಾತ್ರ. ಇನ್ನೊಂದು, ವರದಿಗಾರ್ತಿ ಸಾಶಾಳ ಅಜ್ಜಿ. ಮೊಮ್ಮಗಳ ವರದಿ ಓದುತ್ತ ಅವಳು ಕುಡಿಯಲು ನೀರು ಕೇಳುತ್ತಾಳೆ. ಗಂಟಲು ಒಣಗಿದೆ. ಎಂಥ ನಟರೂ ಅಸೂಯೆಪಡುವಂಥ ದೃಶ್ಯ, ಆದರೆ ಕ್ಯಾಮೆರಾ ಅಲ್ಲಿಂದ ಹೊರಟೇಬಿಡುತ್ತದೆ. ನೀರು ಕುಡಿದ ಮೇಲೆ ಅಜ್ಜಿ ಏನು ಮಾಡಿದಳು? ಮುಂದಿನ ಭಾನುವಾರ ಬಲಿಪೂಜೆಗೆ ಹೋದಳೇ? ಹೋದರೆ, ಪೀಠದ ಮುಂದೆ ನಿಂತವನ ಕೈಯಿಂದ ಪರಮಪ್ರಸಾದ ತೆಗೆದುಕೊಳ್ಳುವಾಗ ಅವಳಿಗೆ ಏನನ್ನಿಸಿತು? ಊರಿನಿಂದ ಫೋನ್ ಮಾಡುವ ನೆಂಟರು ನನ್ನನ್ನೂ ಕೇಳುತ್ತಾರೆ: ‘ಇಷ್ಟೆಲ್ಲ ಆದ ಮೇಲೂ ಇಗರ್ಜಿಗೆ ಹೋಗ್ತೀರಾ?’ ಹೋಗುತ್ತೇನೆ. ಹಾಗಾಗಿ ಆ ಅಜ್ಜಿಯ ಕತೆ ನನಗೆ ಬೇಕು.

ಕನ್ನಡದ ಓದುಗರಿಗೆ ಇಲ್ಲಿ ‘ಸಂಸ್ಕಾರ’ ನೆನಪಾಗದೆ ಇರದು. (ಅನಂತಮೂರ್ತಿಯವರು ಅದನ್ನು ಬರೆದದ್ದೂ ಪರದೇಶದಲ್ಲೇ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ.) ನಾರಣಪ್ಪನ ಹೆಣ ಕೊಳೆಯುತ್ತಿದೆ, ಅಗ್ರಹಾರವೆಲ್ಲ ಹಸಿದು ಪ್ರಾಣೇಶಾಚಾರ್ಯರ ಬಾಯಿಂದ ಬರುವ ಉತ್ತರಕ್ಕೆ ಕಾಯುತ್ತಿದೆ. ಆಚಾರ್ಯರಿಗೆ ಉತ್ತರ ಸಿಗುವುದಿಲ್ಲ, ಅವರೇ ಜಾರುತ್ತಾರೆ. ಅಷ್ಟರಲ್ಲಿ ಚಂದ್ರಿ, ಯಾರಿಗೂ ತಿಳಿಯದಂತೆ, ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯಲ್ಲೇ ಹೆಣ ಸುಡಿಸಿಬಿಟ್ಟಿರುತ್ತಾಳೆ. ಆಗಬೇಕಾದ ಕೆಲಸ ಗುರುವಿನ ಅಪ್ಪಣೆಗೆ ಕಾಯದೆ ಆಗಿಹೋಯಿತು. ಆದರೆ ಕಾದಂಬರಿ ಚಂದ್ರಿಯ ಜೊತೆ ಹೋಗುವುದಿಲ್ಲ, ಜಾರಿದ ಆಚಾರ್ಯರ ಬೆನ್ನು ಹತ್ತುತ್ತದೆ. ನಮ್ಮ ವಿಮರ್ಶೆಯೂ ದಶಕಗಳ ಕಾಲ ಅವರ ಹಿಂದೆಯೇ ನಡೆಯಿತು. ದೊಡ್ಡವರು ಬಿದ್ದರೆ ಬೀಳುವುದರಲ್ಲೂ ಒಂದು ಭವ್ಯತೆ ಕಾಣುತ್ತದೆ, ಹೆಣ ಸುಟ್ಟವರದು ಬರೀ ಕೆಲಸ. ಸಾಶಾಳ ಅಜ್ಜಿಗೂ ಚಂದ್ರಿಗೂ ಆದದ್ದು ಒಂದೇ.

ಈ ಪ್ರಶ್ನೆ ಚರ್ಚಿಗೆ ಹೊಸದಲ್ಲ. ರೋಮಿನ ಕಿರುಕುಳದ ಕಾಲದಲ್ಲಿ ಹೆದರಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಯಾಜಕರು ಕೊಟ್ಟ ಸಂಸ್ಕಾರಗಳು ಸಲ್ಲುತ್ತವೆಯೇ ಎಂದು 4ನೇ ಶತಮಾನದ ಉತ್ತರ ಆಫ್ರಿಕದಲ್ಲಿ ಜಗಳವೆದ್ದಿತು. ಸಲ್ಲದು ಎಂದವರು ಡೊನಾಟಿಸ್ಟರು. ಸಂತ ಅಗಸ್ಟೀನರ ಉತ್ತರ: ದೀಕ್ಷಾಸ್ನಾನ ಕ್ರಿಸ್ತನದು, ಕೊಡುವವನದಲ್ಲ. ಸಾಮಾನ್ಯ ಭಕ್ತನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಂತ್ವನವಿಲ್ಲ. ಪಾದ್ರಿ ಕೆಟ್ಟವನೆಂದು ತಿಳಿದ ದಿನ ನನ್ನ ಮಗುವಿನ ದೀಕ್ಷಾಸ್ನಾನ ಕೆಡುವುದಿಲ್ಲ. ಆದರೆ ಭಕ್ತನಿಗೆಂದು ಹಿಡಿದ ಈ ಕೊಡೆಯ ಕೆಳಗೆ ಧರ್ಮಾಧ್ಯಕ್ಷರುಗಳೇ ನಿಂತುಬಿಟ್ಟರು. ವ್ಯಕ್ತಿ ಹೇಗಿದ್ದರೇನು, ಪೀಠ ಪವಿತ್ರ ಎಂಬ ತರ್ಕವೇ ಗೇಗನ್‌ನ ಒಂದೊಂದು ವರ್ಗಾವಣೆಯ ಹಿಂದೆಯೂ ಇತ್ತೆಂದು ನನ್ನ ಗುಮಾನಿ. ಅಗಸ್ಟೀನರು ಹೇಳಿದ್ದು ಸಂಸ್ಕಾರ ಕೆಡುವುದಿಲ್ಲವೆಂದು. ಕೆಟ್ಟವನನ್ನು ಪೀಠದಿಂದ ಇಳಿಸಬೇಡಿ ಎಂದು ಅದಕ್ಕೆ ಅರ್ಥವಲ್ಲ.

ಅಜ್ಜಿಯ ಮುಂದಿನ ಕತೆ ಸಿನಿಮಾದಲ್ಲಿಲ್ಲ, ಆದರೆ ಬಾಸ್ಟನ್ನಿನಿಂದ ದಕ್ಷಿಣಕ್ಕೆ ಕಡಲ ದಂಡೆಯಲ್ಲಿರುವ ಸಿಚುಯೆಟ್ ಎಂಬ ಊರಿನಲ್ಲಿ ಇದೆ. 2004ರಲ್ಲಿ ಮಹಾಧರ್ಮಪ್ರಾಂತ ಹಲವಾರು ಚರ್ಚುಗಳನ್ನು ಮುಚ್ಚಲು ಹೊರಟಿತು. ಯಾಜಕರು ಸಾಲದು, ಬರುವವರು ಕಡಿಮೆ, ಹಣವಿಲ್ಲ ಎಂಬುದು ಅದು ಕೊಟ್ಟ ಕಾರಣ. ಮೂರೂ ಸುಳ್ಳಲ್ಲ. ಪರಿಹಾರದ ಹಣಕ್ಕೂ ಇದಕ್ಕೂ ಸಂಬಂಧವಿಲ್ಲವೆಂದಿತು, ಜನ ನಂಬಲಿಲ್ಲ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಬ್ರೀನಿಯ ಹೆಸರಿನ ಅಲ್ಲಿನ ಚರ್ಚಿನೊಳಗೆ ಅಕ್ಟೋಬರ್‌ನಲ್ಲಿ ಭಕ್ತರು ಹೊಕ್ಕು ಕೂತರು. ಕಟ್ಟಡ ಖಾಲಿ ಬಿದ್ದರೆ ಬೀಗ ಬೀಳುತ್ತದೆ, ಆದ್ದರಿಂದ ಹಗಲೂ ರಾತ್ರಿ ಒಬ್ಬರಾದರೂ ಒಳಗಿರಬೇಕು. ಸರದಿ ಹಾಕಿಕೊಂಡರು. ಪಾದ್ರಿ ಇಲ್ಲದ ಭಾನುವಾರಗಳಲ್ಲಿ ತಾವೇ ಪ್ರಾರ್ಥನೆ ನಡೆಸಿದರು. ವ್ಯಾಟಿಕನ್ ನ್ಯಾಯಪೀಠ ಇಲ್ಲವೆಂದಿತು, ಮಸಾಚುಸೆಟ್ಸ್ ನ್ಯಾಯಾಲಯಗಳು ಇಲ್ಲವೆಂದವು, 2016ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅರ್ಜಿ ಕೇಳಲೂ ಒಪ್ಪಲಿಲ್ಲ. ಕೊನೆಯ ಪ್ರಾರ್ಥನೆ ಮುಗಿಸಿ ಹೊರಬಂದರು. 11 ವರ್ಷಗಳ ಮೇಲಾಗಿತ್ತು.

ಇದು ಹಟ, ಕಟ್ಟಡದ ಮೋಹ ಎಂದವರಿದ್ದಾರೆ. ಅರ್ಧ ನಿಜವಿರಬಹುದು, ಕಲ್ಲು ಮರದ ಮೋಹವಿಲ್ಲದ ಭಕ್ತಿಯನ್ನು ನಾನಂತೂ ಕಂಡಿಲ್ಲ. ಆದರೆ ಚರ್ಚು ಯಾರದು ಎಂಬ ಪ್ರಶ್ನೆಯನ್ನು ‘ಸ್ಪಾಟ್‌ಲೈಟ್’ ಪತ್ರಿಕೆಯ ಕಚೇರಿಯಲ್ಲಿ ಕೇಳಿಸಿದರೆ, ಇವರು ಅದನ್ನು ಪೀಠದೆದುರಿನ ಬೆಂಚಿನ ಮೇಲೆ, ಮಧ್ಯರಾತ್ರಿ, ಸರದಿ ಬದಲಿಸುವವರು ಬರುವ ತನಕ ಕೂತು ಕೇಳಿದರು.